ತಟ್ಟೆ ತೊಳೆಯುವ ಮುಂಚೆ

ಆ ಶನಿವಾರ ಬೆಳಿಗ್ಗೆ ಎಂದಿನ ಹಾಗೆ ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಎಳೆದು, ಇದ್ದಿಲ ಒಲೆಗೆ ಗಾಳಿ ಹಾಕುತ್ತಾ ಕೂತಿದ್ದೆ. ಮೈಸೂರಿನ ಕಡೆಯ ರೈಲು ಕೂಗಿ ಹೋಗಿತ್ತು. ಆ ಕೂಗಿಗೂ ನಮ್ಮ ಹಾಲಿನವಳಿಗೂ ಅದೇನು ಒಪ್ಪಂದವೋ, ರೈಲು ಹೋಗದೆ ಅವಳು ಬರುತ್ತಿರಲಿಲ್ಲ. ಹಾಲು ಕಾಯುವಷ್ಟರಲ್ಲಿ ಮಗುವಿನ ಬಟ್ಟೆಗಳನ್ನು ಹಿತ್ತಿಲ ತಂತಿಯ ಮೇಲೆ ಹರವಿ ಬಂದೆ. ಯಜಮಾನರು ತಾಲ್ಲೂಕು ಕಚೇರಿಯ ಕೋಟನ್ನು ಕೊಡವಿ ಕೊಡವಿ ನೋಡುತ್ತಿದ್ದರು. ಜಿರಲೆ ಹೊಕ್ಕಿದೆಯೆಂದು ಅವರಿಗೆ ದಿನವೂ ಅನುಮಾನ. ಕಾಫಿ ಲೋಟ ಹಿಡಿದು ಬೀದಿ ಬಾಗಿಲಿಗೆ ಬಂದಾಗ, ಅರಕಲಗೂಡಿನ ಬಸ್ಸಿಳಿದು ಎದುರು ಮನೆಯ ಅಕ್ಕ ಬರುತ್ತಿರುವುದು ಕಂಡಿತು.

ಅವರು ದೂರದಿಂದಲೇ ಗೊತ್ತಾಗುತ್ತಿದ್ದರು. ಎತ್ತರದ ಆಳು. ಬಿಳಿ ಖಾದಿ ಸೀರೆಯ ಅಂಚು ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ, ಕೈಯಲ್ಲಿ ಗಂಡಸರ ಕರೀ ಛತ್ರಿ, ಖಾಲಿ ಹಣೆಯ ಕೆಳಗೆ ದಪ್ಪ ಫ್ರೇಮಿನ ಕನ್ನಡಕ. ಯಾರನ್ನು ಕಂಡರೂ ‘ಚೆನ್ನಾಗಿದೀರಾ’ ಎಂದು ಕೇಳಿದವರಲ್ಲ. ಮೂಗನ್ನು ಒಂದಿಷ್ಟು ಮೇಲಕ್ಕೆತ್ತಿ, “ಏನ್ರೀ ಕುದೀತಿದೆ ಒಳಗೆ?” ಎಂದೇ ಅವರ ಮಾತು ಶುರುವಾಗಬೇಕು. ಆ ದಿನವೂ ಹಾಗೇ ಕೇಳಿದರು. “ಇನ್ನೂ ಬರೀ ಹಾಲು” ಎಂದೆ. “ಹಾಲಿಗೇನು ಕಡಿಮೆ ವಾಸನೆಯೇ!” ಎಂದು ನಕ್ಕು ತಮ್ಮ ಮನೆಯ ಮೆಟ್ಟಿಲು ಹತ್ತಿದರು.

ಈಚೆಗೆ ಅವರು ತೀರಿಕೊಂಡ ಸುದ್ದಿ ತಿಳಿದಾಗ ನನಗೆ ಮೊದಲು ನೆನಪಾದದ್ದು ಆ ಶನಿವಾರ. ನಾವು ಆಗ ಹೊಳೆನರಸೀಪುರದಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿದ್ದೆವು. ಅರವತ್ತರ ದಶಕದ ಮೊದಲ ವರ್ಷಗಳು. ಅಕ್ಕ ಅರಕಲಗೂಡಿನಲ್ಲಿ ಹಳ್ಳಿಯ ಹೆಂಗಸರಿಗೆ ಕೈತೋಟ, ಹೊಗೆಯಿಲ್ಲದ ಒಲೆ, ಮಕ್ಕಳ ಊಟ ಇವನ್ನೆಲ್ಲ ಕಲಿಸುವ ಸರ್ಕಾರಿ ಕೆಲಸದಲ್ಲಿದ್ದರು. ಅದಕ್ಕೆ ಕೆಲವು ವರ್ಷ ಮುಂಚೆ, ಅದೇ ಕೆಲಸದ ತರಬೇತಿಗೆಂದು ಅವರನ್ನು ಹಡಗು ಹತ್ತಿಸಿ ಜಪಾನಿಗೆ ಕಳಿಸಿದ್ದರು. ನಮ್ಮ ಬೀದಿಯಿಂದ ಸಮುದ್ರ ದಾಟಿದ ಮೊದಲ ಹೆಂಗಸು. ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ ತುಂಬಿದ ಡಬ್ಬಿಗಳ ಜೊತೆಗೆ, ಯಾರೋ ಪರಿಚಯದವರಿಂದ ಪಡೆದ ಒಂದು ಡಬ್ಬಿ ಕ್ಯಾಮರಾ ಕೂಡ ಅವರ ಟ್ರಂಕಿನಲ್ಲಿತ್ತು. ಹಳೆಯ ರವಿಕೆಯ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದಿದ್ದರು. ಹೊಲಿಗೆ ಎಷ್ಟು ಚೆನ್ನಾಗಿತ್ತೆಂದರೆ, ನಾನು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಂದ ಬೈಸಿಕೊಂಡು ಕಲಿತದ್ದಕ್ಕಿಂತ ಸಣ್ಣ ಹೊಲಿಗೆ ಅದು.

ಆ ಕ್ಯಾಮರಾವನ್ನು ಕಣ್ಣಿಗಿಟ್ಟು ನೋಡುವ ಹಾಗಿರಲಿಲ್ಲ. ಹೊಟ್ಟೆಗೆ ಆನಿಸಿ, ತಲೆ ಬಗ್ಗಿಸಿ, ಮೇಲಿನ ಗಾಜಿನೊಳಗೆ ಇಣುಕಬೇಕು. ಜಪಾನಿನವರಿಗೋ ಎದುರಿನವರು ಬಗ್ಗಿದರೆ ತಾವೂ ಬಗ್ಗುವ ಪದ್ಧತಿ.

“ನಾನು ಬಗ್ಗಿದೆ, ಅವರೂ ಬಗ್ಗಿದ್ರು ಕಣ್ರೀ. ಅಯ್ಯೋ ಇನ್ನೂ ಎದ್ದಿಲ್ವಲ್ಲ ಇವಳು ಅಂತ ಇನ್ನೂ ಬಗ್ಗಿದ್ರು. ಮೊದಲನೇ ರೋಲು ಅಲ್ಲೇ ತೊಳೆಸಿದೆ, ಮುಖಾನೇ ಇಲ್ಲ. ಬರೀ ನೆತ್ತಿ! ಯಾವುದು ಯಾರ ನೆತ್ತಿ ಅಂತ ಇವತ್ತಿಗೂ ಗೊತ್ತಿಲ್ಲ.”

ಆ ನೆತ್ತಿಗಳ ಫೋಟೋಗಳನ್ನೂ ಅವರು ಎಸೆದಿರಲಿಲ್ಲ. ಒಂದರಲ್ಲಿ ಬೈತಲೆ ಎಷ್ಟು ನೆಟ್ಟಗಿತ್ತೆಂದರೆ ನಾನು ಅಸೂಯೆಪಟ್ಟೆ.

ಉಳಿದ ರೋಲುಗಳನ್ನು ಊರಿಗೆ ತಂದು ಹಾಸನದ ಸ್ಟುಡಿಯೋ ಒಂದರಲ್ಲಿ ತೊಳೆಸಿದರು. ಒಂದರಲ್ಲೂ ಅರಮನೆಯಿಲ್ಲ, ಗೋಪುರವಿಲ್ಲ, ಅಕ್ಕನೂ ಇಲ್ಲ. ಇದ್ದದ್ದೆಲ್ಲ ಬಟ್ಟಲುಗಳು, ತಟ್ಟೆಗಳು, ಒಲೆಗಳು. ಬಿದಿರಿನ ಗಳುಗಳ ಮೇಲೆ ನಮ್ಮ ಶಾವಿಗೆಯ ಹಾಗೇ ಒಣಗಲು ಬಿಟ್ಟ ಎಳೆಗಳು. ಮರಕ್ಕೆ ಜೋತುಬಿಟ್ಟ ಮೂಲಂಗಿಗಳ ಸಾಲು. ಸ್ಕೂಲಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದ ಮಕ್ಕಳು, ಒಬ್ಬಳು ಮಾತ್ರ ತನ್ನದನ್ನು ಮುಚ್ಚಿ ಪಕ್ಕದವಳದನ್ನು ನೋಡುತ್ತಿದ್ದಾಳೆ. ಒಗೆದ ಬಟ್ಟೆ ಹಿಂಡುತ್ತಿರುವ ಎರಡು ಕೈ.

“ಅಷ್ಟು ದೂರ ಹೋಗಿ ಒಂದು ದೇವಸ್ಥಾನದ್ದಾದ್ರೂ ತೆಗೀಬಾರದಿತ್ತಾ ಅಕ್ಕ?” ಎಂದು ನಾನೇ ಕೇಳಿದೆ.

“ಗೋಪುರ ಎಲ್ಲಿಗೂ ಹೋಗಲ್ಲ ಕಣ್ರೀ, ಇವತ್ತಲ್ಲದಿದ್ರೆ ನಾಳೆ ಯಾರೋ ತೆಗೀತಾರೆ. ಊಟ ಹಾಗಲ್ಲ, ತಟ್ಟೆ ತೊಳೆದುಬಿಡ್ತಾರೆ” ಎಂದರು.

ಅವರಿಗೆ ಇದ್ದ ಒಂದೇ ಬೇಸರ ಆವಿಯದು. ಬಿಸಿ ಅನ್ನದಿಂದ ಏಳುವ ಆವಿ ಚಿತ್ರದಲ್ಲಿ ಬರಲಿ ಎಂದು ಬೆಳಕಿಗಾಗಿ ಕಾದು, ಬಟ್ಟಲನ್ನು ಕಿಟಕಿಯ ಹತ್ತಿರ ಜರುಗಿಸಿ, ಏನೆಲ್ಲ ಪಾಡುಪಟ್ಟು ತೆಗೆದಿದ್ದರಂತೆ. ಹಾಸನದ ಸ್ಟುಡಿಯೋದವನು ಅಷ್ಟನ್ನೂ ಕುಂಚದಲ್ಲಿ ತಿದ್ದಿ ಅಳಿಸಿಬಿಟ್ಟಿದ್ದ. “ಏನೋ ಬೆಳ್ಳಗೆ ಕಲೆ ಬಂದಿತ್ತು ಮೇಡಂ, ಎಲ್ಲಾ ಕ್ಲೀನ್ ಮಾಡಿದೀನಿ. ಅದಕ್ಕೆ ಬೇರೆ ಚಾರ್ಜಿಲ್ಲ” ಅಂದನಂತೆ. ಅಕ್ಕ ಅವನಿಗೆ ಥ್ಯಾಂಕ್ಸ್ ಹೇಳಿ ಬಂದರು. “ಪಾಪ, ಅವನು ಒಳ್ಳೇದು ಅಂತಲೇ ಮಾಡಿದ್ದು. ಆದ್ರೆ ಎಲ್ಲಾ ಅನ್ನವೂ ತಂಗಳಾಗಿಹೋಯ್ತು ನೋಡಿ.”

ಇನ್ನು ಅವರ ತಾಯಿಯ ಮಾತು ಹೇಳಬೇಕು. ಕೆಂಪು ಸೀರೆಯ ಅಜ್ಜಿ. ಸಣ್ಣ ವಯಸ್ಸಿಗೇ ಅಕ್ಕ ಗಂಡನನ್ನು ಕಳೆದುಕೊಂಡಾಗ, ತಲೆ ತೆಗೆಸುವ ಮಾತಾಡಲು ಬಂದವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ, “ನನ್ನದು ಸಾಕು, ಅವಳದ್ದು ಬೇಡ” ಎಂದು ಕಳಿಸಿ, ಮರುವರ್ಷ ಮಗಳನ್ನು ಸ್ಕೂಲಿಗೆ ಹಾಕಿದವರು. ಜಪಾನಿಗೆ ಹೋಗುವಾಗಲೂ ‘ಬೇಡ’ ಎನ್ನಲಿಲ್ಲ. ಆದರೆ ಅಜ್ಜಿಯ ಮಡಿ ಅಜ್ಜಿಯದು. ಅವರ ಒಲೆ ಬೇರೆ, ಪಾತ್ರೆ ಬೇರೆ. ಕೀಲುನೋವು ಬಂದು ಬೆರಳುಗಳು ಸೊಟ್ಟಗಾದ ಮೇಲೆ ವಾರವೆಲ್ಲ ಸೊಸೆ ವಿಶಾಲು ಒದ್ದೆ ಸೀರೆಯುಟ್ಟು ಬೇಯಿಸಿ ಹಾಕುತ್ತಿದ್ದಳು. ಶನಿವಾರ, ಭಾನುವಾರ ಮಾತ್ರ ಆ ಒಲೆ ಅಕ್ಕನದು. ಅವರು ವಾರವಿಡೀ ಹಳ್ಳಿ ತಿರುಗಿ ಬಸ್ಸಿನಲ್ಲಿ ಕುಲುಕಿಕೊಂಡು ಬರುತ್ತಿದ್ದದ್ದೇ ಅಮ್ಮನಿಗೆ ಸಾರು ಕುದಿಸಿ ಬಡಿಸುವುದಕ್ಕೆ. “ಪ್ರಪಂಚಕ್ಕೆಲ್ಲ ಅಡಿಗೆ ಹೇಳಿಕೊಡ್ತೀನಿ, ನನ್ನ ಅಡಿಗೆ ಉಣ್ಣೋದು ಒಂದೇ ಜೀವ” ಎನ್ನುತ್ತಿದ್ದರು. ಜಪಾನಿನಿಂದ ಬಂದಾಗ ಪಂಚಗವ್ಯ ಕುಡಿಸಿ, ಹೊಳೆಯಲ್ಲಿ ಮುಳುಗಿಸಿ, ಶಾಸ್ತ್ರ ಮುಗಿಸಿ ಅಜ್ಜಿ ಮಗಳನ್ನು ಒಲೆಯ ಹತ್ತಿರ ಬಿಟ್ಟುಕೊಂಡಿದ್ದರು.

ಆಮೇಲೆ ಫೋಟೋಗಳು ಬಂದವು.

ಒಂದು ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಎದುರು ಮನೆಯ ನಡುಮನೆಯಲ್ಲಿ ಸೇರಿದ್ದೆವು. ಫೋಟೋಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ನನ್ನ ಪಕ್ಕದ ಮನೆಯ ಕಮಲಮ್ಮನವರು ಒಂದನ್ನು ಹತ್ತಿರ ಹಿಡಿದು, ದೂರ ಹಿಡಿದು, “ನಮ್ಮ ಹಾಗೇ ಬಾಳಕದ ಮೆಣಸಿನಕಾಯಿ ಒಣಗಿಹಾಕ್ತಾರಲ್ರೀ! ಮೊರದಲ್ಲಿ ಎಷ್ಟು ಒಪ್ಪವಾಗಿ ಜೋಡಿಸಿದಾರೆ” ಎಂದರು.

“ಅದು ಮೆಣಸಿನಕಾಯಿ ಅಲ್ಲ ಕಮಲಮ್ಮ, ಮೀನು” ಎಂದರು ಅಕ್ಕ.

ಕಮಲಮ್ಮ ಫೋಟೋವನ್ನು ನೆಲಕ್ಕೆ ಬಿಟ್ಟವರೇ ಎದ್ದು ಹಿತ್ತಿಲಿಗೆ ಹೋಗಿ ಕೈ ತೊಳೆದುಕೊಂಡು ಬಂದರು. ನಾನು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ. ಆದರೆ ಅವರು ಕೂತ ಮೇಲೆ ಆಡಿದ ಮಾತಿಗೆ ನಗು ನಿಂತುಹೋಯಿತು.

“ಅಲ್ಲಾ ಕಣ್ರೀ, ತಿನ್ನದೇ ಇರೋದರ ಪಟ ಯಾರಾದ್ರೂ ತೆಗೀತಾರಾ?”

ನಮ್ಮ ಬೀದಿಯಲ್ಲಿ ಆಗ ಫೋಟೋ ಎಂದರೆ ಮದುವೆ, ಮುಂಜಿ. ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ, ಮಗು ಮಡಿಲಲ್ಲಿ. ತನ್ನದಾದದ್ದನ್ನು ಮಾತ್ರ ಫೋಟೋ ತೆಗೆಸುತ್ತಾರೆ. ಇನ್ನೊಬ್ಬರ ಗಂಡನನ್ನೋ ಮಗುವನ್ನೋ ಯಾರೂ ಸ್ಟುಡಿಯೋಗೆ ಕರೆದೊಯ್ಯುವುದಿಲ್ಲ. ಆ ಲೆಕ್ಕದಲ್ಲಿ, ತಟ್ಟೆಯ ಫೋಟೋ ತೆಗೆದವಳು ಆ ತಟ್ಟೆಯಲ್ಲಿ ಉಂಡಿರಲೇಬೇಕು. ಕಮಲಮ್ಮನವರ ಮಾತು ಅಲ್ಲಿದ್ದ ಎಲ್ಲರಿಗೂ ಸರಿಯೆಂದೇ ತೋರಿತು. ಒಬ್ಬೊಬ್ಬರೇ ಅರಿಶಿನ ಕುಂಕುಮ ತೆಗೆದುಕೊಂಡು ಎದ್ದರು. ಒಳಕೋಣೆಯಲ್ಲಿ ಜಪ ಮಾಡುತ್ತಿದ್ದ ಅಜ್ಜಿಗೆ ಎಲ್ಲ ಕೇಳಿಸಿತ್ತು.

ನಾನೊಬ್ಬಳೇ ಉಳಿದೆ. “ಅಕ್ಕ, ಅಜ್ಜಿ ಕೇಳಿದ್ರೆ ತಿಂದಿಲ್ಲ ಅಂದುಬಿಡಿ. ಅಷ್ಟೇ ಮಾತು, ಮುಗಿದುಹೋಗತ್ತೆ” ಎಂದು ಪಿಸುಗುಟ್ಟಿದೆ. ಅವರು ಫೋಟೋಗಳನ್ನು ಅಂಚಿಗೆ ಅಂಚು ಸರಿಮಾಡಿ ಜೋಡಿಸುತ್ತಿದ್ದರು. ತಲೆಯೆತ್ತಲಿಲ್ಲ.

“ಹಾಸನದವನು ಆವಿ ಒರೆಸಿದ. ನೀವು ಇದನ್ನ ಒರೆಸು ಅಂತೀರಿ.”

ಒಳಗಿನಿಂದ ಅಜ್ಜಿಯ ದನಿ ಬಂತು. “ತಿಂದೆಯೇನೇ?”

“ಮೀನು ತಿನ್ನಲಿಲ್ಲಮ್ಮ. ಮೀನು ಬೇಯಿಸಿದ ನೀರಿನ ಸಾರು ಕುಡಿದೆ. ನಾನಿದ್ದ ಹಳ್ಳೀಲಿ ಒಬ್ಬ ಮುದುಕಿ ಮನೇಲಿ. ಅರ್ಧ ಗೊತ್ತಿಲ್ಲದೆ ಕುಡಿದೆ, ಅರ್ಧ ಗೊತ್ತಾದ ಮೇಲೆ ಕುಡಿದೆ.”

ಒಳಗೆ ಜಪಮಣಿ ಕೆಳಗಿಟ್ಟ ಸದ್ದಾಯಿತು. ಆಮೇಲೆ, “ಉಳಿದರ್ಧ ಯಾಕೆ?”

“ಅವಳು ಎದುರಿಗೆ ಕೂತು ನೋಡ್ತಿದ್ಲು.”

“ಸರಿ. ಇನ್ನು ನನ್ನ ಒಲೆ ಹತ್ರ ಬರಬೇಡ.”

ಅಷ್ಟೇ. ಬೈಗುಳವಿಲ್ಲ, ಅಳುವಿಲ್ಲ. ಮುಂದಿನ ಶನಿವಾರ ಅಕ್ಕ ಬರುತ್ತಾರೋ ಇಲ್ಲವೋ ಎಂದು ನಾನು ಬಾಗಿಲಲ್ಲಿ ನಿಂತಿದ್ದೆ. ಬಂದರು. ಅದರ ಮುಂದಿನ ಶನಿವಾರವೂ ಬಂದರು. ಅಡಿಗೆಮನೆಯ ಹೊಸ್ತಿಲಿನಿಂದ ಈಚೆ ಮಣೆ ಹಾಕಿಕೊಂಡು ಕೂತು ಬೇಳೆ ಆರಿಸುತ್ತಿದ್ದರು, ಕಾಯಿ ಸುಲಿದಿಡುತ್ತಿದ್ದರು. ಅಷ್ಟಕ್ಕೆ ಅಜ್ಜಿಯ ಅಡ್ಡಿಯಿರಲಿಲ್ಲ. ವಿಶಾಲು ಬಡಿಸಿದ್ದನ್ನು ಉಂಡು ಭಾನುವಾರ ಸಂಜೆ ಬಸ್ಸು ಹತ್ತುತ್ತಿದ್ದರು. “ಯಾಕೆ ಬರ್ತೀರಿ ಅಕ್ಕ, ಸುಮ್ನೆ ಮನಸ್ಸು ಕೆಡಿಸಿಕೊಳ್ಳೋಕೆ?” ಎಂದು ಒಮ್ಮೆ ಹೊಳೆಯ ಮೆಟ್ಟಿಲ ಮೇಲೆ ಕೇಳಿದೆ. “ಒಗ್ಗರಣೆ ವಾಸನೆ ತಗೊಳ್ಳೋಕೆ” ಎಂದು ಸೀರೆ ಹಿಂಡಿದರು. ಎರಡು ವರ್ಷಕ್ಕೂ ಮೇಲೆ ಹೀಗೇ ನಡೆಯಿತು.

ಫೋಟೋಗಳನ್ನು ಮಾತ್ರ ಅವರು ಟ್ರಂಕಿಗೆ ಹಾಕಿ ಬೀಗ ಹಾಕಲಿಲ್ಲ. ಹಳ್ಳಿಗಳಿಗೆ ಒಯ್ಯುತ್ತಿದ್ದರು. ಒಂದು ಸಲ ಯಜಮಾನರ ಒಪ್ಪಿಗೆ ಪಡೆದು ನಾನೂ ಅವರ ಜೊತೆ ಮಲ್ಲಿಪಟ್ಟಣಕ್ಕೆ ಹೋಗಿದ್ದೆ. ಚಾವಡಿಯ ಮೇಲೆ ಹೆಂಗಸರು ಮಕ್ಕಳನ್ನು ಮಡಿಲಿಗೆ ಹಾಕಿಕೊಂಡು ಕೂತಿದ್ದರು. ಗದ್ದೆಯಲ್ಲಿ ಸಾಲಾಗಿ ಬಗ್ಗಿದ ಹೆಂಗಸರ ಫೋಟೋವನ್ನು ಅಕ್ಕ ಎತ್ತಿ ಹಿಡಿದರು.

“ಇದು ನಮ್ ಕೆರೆ ಕೆಳಗ್ಲು ಗದ್ದೆ ಅಲ್ವೇನವ್ವಾ?” ಎಂದಳು ಮುಂದೆ ಕೂತವಳು.

“ಅಲ್ಲಮ್ಮ, ಜಪಾನು. ಅವರೂ ನಾಟಿ ಹಾಕ್ತಿದಾರೆ.”

“ಅಂಗಾರೆ ಅವ್ರಿಗೂ ಸೊಂಟ ನೋಯ್ತದೆ ಅನ್ನಿ!”

“ಗಂಡುಸ್ರು ಎಲ್ಲವ್ರೆ ಇದ್ರಾಗೆ? ಅಲ್ಲೂ ಬದಿನ ಮ್ಯಾಲೆ ಬೀಡಿ ಸೇದ್ಕಂಡು ಕುಂತವ್ರಾ?” ಎಂದು ಹಿಂದಿನಿಂದ ಇನ್ನೊಬ್ಬಳು. ಚಾವಡಿಯೆಲ್ಲ ನಗು.

ಅದೇ ಮೀನಿನ ಫೋಟೋ ಬಂತು. ಒಬ್ಬ ಮುದುಕಿ ಅದನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಸವರಿದಳು. “ಉಪ್ಪು ಮೀನು ಕಣ್ರೇ! ಏನವ್ವಾ ನೀನು, ಓಗಿದ್ದೋಳು ಬರೀ ಪಟ ತಂದಿದ್ದೀಯಲ್ಲಾ, ಒಂದೀಟು ಮೀನು ಕಟ್ಕಂಡು ಬರಬಾರ್ದಾಗಿತ್ತಾ?” ಎಂದಳು. ಅಕ್ಕ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮುಂಚೆ ಕಂಡಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಲೇ, “ನಮ್ಮಮ್ಮನೂ ಹೀಗೆ ಒಂದು ಮಾತು ಅಂದುಬಿಟ್ಟಿದ್ರೆ...” ಎಂದು ಅರ್ಧಕ್ಕೆ ಬಿಟ್ಟರು.

ಆ ಜಪಾನಿನ ಮುದುಕಿಯ ಫೋಟೋ ಒಂದಲ್ಲ, ಎರಡಿದ್ದವು. ಒಂದರಲ್ಲಿ ಅವಳು ಎರಡೂ ಕೈಯಲ್ಲಿ ಬಟ್ಟಲು ಚಾಚಿದ್ದಾಳೆ. ಇನ್ನೊಂದರಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, ತುಟಿ ಮಡಿಸಿ, ಹುಬ್ಬು ಗಂಟಿಕ್ಕಿದ್ದಾಳೆ. “ಅದು ನಮ್ಮ ಚಟ್ನಿಪುಡಿ ತಿಂದ ಗಳಿಗೆ. ಕಣ್ಣಲ್ಲಿ ನೀರು ಸುರೀತು, ಆದರೂ ಉಗೀಲಿಲ್ಲ. ಪೂರ್ತಿ ನುಂಗಿ ಕೈ ಮುಗಿದಳು” ಎಂದು ಅಕ್ಕ ವಿವರಿಸಿದ್ದರು.

ಈಗ ಆ ಶನಿವಾರಕ್ಕೆ ಬರುತ್ತೇನೆ. ವಿಶಾಲು ಹೆರಿಗೆಗೆಂದು ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು. ಹೆಣ್ಣು ಮಗುವಾದ ಸುದ್ದಿ ಬಂದು, ಅಕ್ಕನ ತಮ್ಮನೂ ಹೋಗಿದ್ದರು. ಅಜ್ಜಿಗಾಗಿ ಗೊತ್ತು ಮಾಡಿದ್ದ ಅಡಿಗೆಯವಳು ಆ ವಾರ ಜ್ವರವೆಂದು ಬರಲಿಲ್ಲ. ಅಜ್ಜಿ ನೆನೆಸಿದ ಅವಲಕ್ಕಿ, ಹಾಲು ಎಂದು ದಿನ ದೂಡುತ್ತಿದ್ದರು. ನಾನು ಹುಳಿ ತರಲೇ ಎಂದು ಕೇಳಿದ್ದಕ್ಕೆ, “ಬೇಡಮ್ಮ. ನೀನು ಸಿಸ್ಟರುಗಳ ಹತ್ರ ಓದಿದೋಳು. ನಿನ್ನ ಮೇಲೆ ಅನುಮಾನ ಇಲ್ಲ, ನಿನ್ನ ಹುಳಿ ಮೇಲೆ ಇದೆ” ಎಂದು ನಕ್ಕಿದ್ದರು. ಆದರೆ ನಗುವ ಮುಖ ಸಣ್ಣಗಾಗಿತ್ತು. ಅಡಿಗೆಯವಳು ಬಾರದಿದ್ದದ್ದು ಬರುವವರೆಗೂ ಅಕ್ಕನಿಗೆ ಗೊತ್ತಿರಲಿಲ್ಲ.

ಮಗುವನ್ನು ಮಲಗಿಸಿ ನಾನು ಎದುರು ಮನೆಗೆ ಹೋದಾಗ ಅಜ್ಜಿ ಒಲೆ ಹೊತ್ತಿಸಲು ಹೆಣಗುತ್ತಿದ್ದರು. ಮಗಳು ಬಂದಿದ್ದಾಳೆ, ಅವಳಿಗಾದರೂ ಏನಾದರೂ ಬೇಯಿಸಬೇಕೆಂಬ ಹಟ. ಸೊಟ್ಟ ಬೆರಳುಗಳಲ್ಲಿ ಸೌದೆ ನಿಲ್ಲುತ್ತಿರಲಿಲ್ಲ. ಅಕ್ಕ ತಲೆಯ ಮೇಲೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಹೊಸ್ತಿಲಿನಿಂದ ಈಚೆ ಕೂತಿದ್ದರು. ಸೀರೆಯ ನೀರು ಇಳಿದು ನೆಲದ ಮೇಲೆ ಸಣ್ಣ ಮಡುವಾಗಿತ್ತು. ಕೈಗಳು ಮಡಿಲಲ್ಲಿ, ಒಂದರ ಮೇಲೊಂದು. ಅಜ್ಜಿ ಪಾತ್ರೆ ಎತ್ತಿದರು. ಅರ್ಧ ನೀರು ಒಲೆಗೇ ಚೆಲ್ಲಿತು. ಚುಂಯ್ ಎಂದು ಬೂದಿ ಎದ್ದಿತು.

“ಏನು ಗೊಂಬೆ ಹಾಗೆ ನೋಡ್ತಾ ಕೂತಿದೀಯೇ?” ಎಂದು ಅಜ್ಜಿ ಸಿಡುಕಿದರು.

“ನೀನು ಕರೆದ್ರೆ ಬರ್ತೀನಿ.”

“ಅವತ್ತು ಸುಳ್ಳು ಹೇಳಿದ್ದಿದ್ರೆ ಆಗ್ಲೇ ಕರೀತಿದ್ದೆ. ನನಗೇನು ಗೊತ್ತಾಗ್ತಿತ್ತು?”

“ಹೌದು. ನಿನಗೆ ಗೊತ್ತಾಗ್ತಿರಲಿಲ್ಲ.”

ಅಜ್ಜಿ ಗೋಡೆಗೊರಗಿ ಕೂತರು. ಮೂಗಿನ ಮೇಲೆ ಬೂದಿ ಕೂತಿತ್ತು, ಒರೆಸಿಕೊಳ್ಳಲಿಲ್ಲ. ಅಲ್ಲಿಂದಲೇ ಕೇಳಿದರು.

“ಆ ಮುದುಕಿ... ಅವಳಿಗೆ ಬೇಯಿಸಿ ಹಾಕೋರು ಯಾರು?”

“ಯಾರೂ ಇಲ್ಲ. ಇದ್ದೊಬ್ಬ ಮಗ ಯುದ್ಧದಿಂದ ಬರಲಿಲ್ಲವಂತೆ. ತಾನೇ ಮಾಡ್ಕೊಳ್ತಾಳೆ.”

“ನೀನು ಬಟ್ಟಲು ಕೆಳಗಿಟ್ಟಿದ್ರೆ ಏನು ಮಾಡ್ತಿದ್ಲು?”

“ಏನೂ ಮಾಡ್ತಿರಲಿಲ್ಲ. ನಗ್ತಾನೇ ತೆಗೆದಿಡ್ತಿದ್ಲು.”

“ಅದೇ,” ಎಂದರು ಅಜ್ಜಿ, ಯಾರಿಗೆಂದು ತಿಳಿಯದ ಹಾಗೆ. “ನಗ್ತಾನೇ ತೆಗೆದಿಡಬೇಕಾಗತ್ತೆ.” ಆಮೇಲೆ ತಮ್ಮ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಅಕ್ಕ ಕೂತಲ್ಲೇ ಕೂತಿದ್ದರು. ಬೇಡಿಕೊಳ್ಳಲಿಲ್ಲ. ಅಷ್ಟು ಹತ್ತಿರ ಬಂದೂ ಒಂದಿಂಚು ಮುಂದೆ ಸರಿಯದೆ ಕೂರುವುದು ನನ್ನಿಂದಾಗಿದ್ದರೆ, ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಷ್ಟರಲ್ಲಿ ನಮ್ಮ ಮನೆಯಿಂದ ಮಗು ಅಳುವುದು ಕೇಳಿಸಿತು. ನಾನು ಎದ್ದು ಬಂದೆ. ಮನಸ್ಸೆಲ್ಲ ಆ ಹೊಸ್ತಿಲ ಮೇಲೇ ಇತ್ತು.

ಅರ್ಧ ದಿನದ ಕಚೇರಿ ಮುಗಿಸಿ ಯಜಮಾನರು ಬಂದರು, ಬಡಿಸಿದೆ. ಮಗು ಮತ್ತೆ ಮಲಗಲಿಲ್ಲ. ಬಟ್ಟೆ ಮಡಿಸಿದೆ. ನಡುನಡುವೆ ಕಿಟಕಿಯಿಂದ ನೋಡುತ್ತಿದ್ದೆ. ಎದುರು ಮನೆಯ ಬಾಗಿಲು ಒರಗಿಸಿತ್ತು, ಬೀದಿಯಲ್ಲಿ ಹಸುಗಳ ಹೊರತು ಯಾರೂ ಇರಲಿಲ್ಲ. ಹೋಗಿ ಕೇಳಲು ಧೈರ್ಯವಾಗಲಿಲ್ಲ. ಕೇಳುವಂಥ ಮಾತೂ ಅದಾಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕಮಲಮ್ಮನವರು ಹಿತ್ತಿಲ ಬಾಗಿಲಿನಿಂದ ಒಂದು ಪುಟ್ಟ ಬಟ್ಟಲು ಹಿಡಿದು ಬಂದರು. ಎಂದೋ ತಾವೇ ಆಡಿದ ಮಾತು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

“ಆ ಎದುರು ಮನೆ ಅಜ್ಜಿಗೆ ಈ ವಯಸ್ಸಲ್ಲೂ ಏನು ಗಂಟಲು ಅಂತೀನಿ! ಮಧ್ಯಾಹ್ನ ಅವರ ಜಗಲಿ ಮುಂದೆ ಬರ್ತಿದ್ದೆ, ‘ಸಾರಿಗೆ ಉಪ್ಪು ಸುರಿದಿದೀಯಲ್ಲೇ, ಕೈ ಮರೆತುಹೋಯ್ತಾ?’ ಅಂತ ಮಗಳನ್ನ ತರಾಟೆಗೆ ತಗೊಂಡಿದ್ರು. ಬೈಯೋದೂ ಬೈಯೋದು, ಇನ್ನೊಂದು ಸೌಟು ಹಾಕು ಅನ್ನೋದೂ ಅನ್ನೋದು. ಅದಿರಲಿ, ನಿಮ್ಮನೇಲಿ ಹೆಪ್ಪಿಗೆ ಒಂಚೂರು ಮಜ್ಜಿಗೆ ಇದ್ಯೇನ್ರೀ?”